ಹೊಸ ಕಥೆ ಕರೀತಿದೆ, ಹಳೇದು ಮುಗೀತಿಲ್ಲ

ಪ್ರಶ್ನೆ: ಆಫೀಸ್ ಕೆಲಸದ ಜೊತೆಗೆ ಎರಡು ವರ್ಷದಿಂದ ಕಾದಂಬರಿ ಬರೆಯುತ್ತಿದ್ದೇನೆ. ಅಣ್ಣತಮ್ಮಂದಿರ ಮನೆ ಜಗಳದ ಕಥೆ. ಹತ್ತನೇ ಅಧ್ಯಾಯದಲ್ಲಿ ಮನೆ ಪಾಲಾಯಿತು, ಅಲ್ಲಿಂದ ಒಂದು ಸಾಲೂ ಮುಂದೆ ಹೋಗುತ್ತಿಲ್ಲ. ದಿನಾ ರಾತ್ರಿ ಫೈಲ್ ತೆರೆದು ಮೊದಲ ಅಧ್ಯಾಯವನ್ನೇ ತಿದ್ದಿ ಮಲಗುತ್ತೇನೆ. ಈಗ ತಲೆಯಲ್ಲಿ ಬೇರೆ ಕಥೆ ಕುಣಿಯುತ್ತಿದೆ. ಇದನ್ನು ಬಿಟ್ಟುಬಿಡಲೇ? ಮನೆಯವರು "ಎಲ್ಲಿಗೆ ಬಂತು?" ಅಂದರೆ ಅಳು ಬರುತ್ತದೆ.

ಉತ್ತರ: ಈಗಲೇ ಬಿಡಬೇಡಿ. ಹೊಸ ಕಥೆ ಅಷ್ಟು ಚೆಂದ ಕಾಣುತ್ತಿರುವುದು ಅದನ್ನಿನ್ನೂ ಬರೆದಿಲ್ಲ ಅನ್ನೋ ಕಾರಣಕ್ಕೆ. ಅದಕ್ಕೂ ಒಂದು ಹನ್ನೊಂದನೇ ಅಧ್ಯಾಯ ಇರುತ್ತೆ ಅಲ್ವಾ? ಹೊಳೆದಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಗೀಚಿ ಮುಚ್ಚಿಡಿ.

ನಿಮಗೆ ಉತ್ಸಾಹ ಕಮ್ಮಿಯಾಗಿದೆ ಅಂತ ನನಗನಿಸುವುದಿಲ್ಲ. ಇಡೀ ದಿನ ದುಡಿದು ಬಂದು ದಿನಾ ರಾತ್ರಿ ಫೈಲ್ ತೆರೆಯುವವರಿಗೆ ಉತ್ಸಾಹದ ಪಾಠ ಯಾಕೆ? ತೊಂದರೆ ಇರುವುದು ಕಥೆಯಲ್ಲಿ. ಹತ್ತು ಅಧ್ಯಾಯ ನಿಮ್ಮನ್ನು ಎಳೆದುಕೊಂಡು ಬಂದದ್ದೇ ಆ ಜಗಳ, ಅದನ್ನು ನೀವೇ ಪಾಲು ಮಾಡಿ ಮುಗಿಸಿಬಿಟ್ಟಿರಿ. ಇನ್ನು ಅಣ್ಣನಿಗೆ ಬೇಕಾದ್ದೇನು, ತಮ್ಮನಿಗೆ ಬೇಕಾದ್ದೇನು? ಇಬ್ಬರಿಗೂ ಏನೂ ಬೇಡದಿದ್ದರೆ ಅವರು ಸುಮ್ನೆ ಕೂತಿರುತ್ತಾರೆ, ಅವರನ್ನು ನೋಡುತ್ತಾ ನೀವೂ ಕೂತಿರುತ್ತೀರಿ. ಪಾಲಾಗದೆ ಉಳಿದದ್ದು ಏನಿದೆ ಅಂತ ಹುಡುಕಿ. ಅಮ್ಮ ಯಾರ ಮನೆಯಲ್ಲಿರುತ್ತಾಳೆ? ಪತ್ರಕ್ಕೆ ಸಹಿ ಹಾಕುವ ಹೊತ್ತಿಗೆ ತಮ್ಮ ಪೆನ್ನು ಕೆಳಗಿಟ್ಟು ಎದ್ದುಹೋದರೆ? ಪಾಲು ಇನ್ನೂ ಆಗಿಲ್ಲ ಅಂತ ಮಾಡಿದರೂ ತಪ್ಪೇನಿಲ್ಲ, ಕಾದಂಬರಿ ನಿಮ್ಮದೇ ತಾನೇ.

ಮೊದಲ ಅಧ್ಯಾಯಕ್ಕೆ ಬೀಗ ಹಾಕಿ. ಅದನ್ನು ತಿದ್ದುವುದು ಬರೆದಂತೆ ಕಾಣುವ ಸೋಮಾರಿತನ, ಬೇಜಾರಾಗಬೇಡಿ. ಹನ್ನೊಂದನೇ ಅಧ್ಯಾಯವನ್ನು ಬೇರೆ ಫೈಲಿನಲ್ಲಿ ಶುರು ಮಾಡಿ, ಹಿಂದೆ ಏನಾದರೂ ಬದಲಾಯಿಸಬೇಕು ಅನಿಸಿದರೆ "ಅತ್ತಿಗೆಯನ್ನು ಮೊದಲೇ ತರಬೇಕು" ಅಂತ ಒಂದು ಸಾಲು ಬರೆದಿಟ್ಟು ಮುಂದೆ ಹೋಗಿ. ಕ್ರಮವಾಗಿಯೇ ಬರೀಬೇಕು ಅಂತಲೂ ಇಲ್ಲ. ಕೊನೆಯ ಜಗಳ ಕಣ್ಣಿಗೆ ಕಾಣುತ್ತಿದ್ದರೆ ಅದನ್ನೇ ಬರೆಯಿರಿ.

ಇಂಗ್ಲಿಷ್ ಕಾದಂಬರಿಕಾರ ಆಂಥೊನಿ ಟ್ರಾಲಪ್ ಅಂಚೆ ಇಲಾಖೆಯ ಕೆಲಸಕ್ಕೆ ಹೋಗುವ ಮೊದಲೇ, ಎದುರಿಗೆ ಗಡಿಯಾರ ಇಟ್ಟುಕೊಂಡು ಕಾಲು ಗಂಟೆಗೆ 250 ಪದ ಬರೆಯುತ್ತಿದ್ದರು. ಅದನ್ನು ಓದಿ ಕುಗ್ಗಬೇಡಿ, ನಿಮಗೆ ದಿನಕ್ಕೆ ನೂರು ಪದ ಸಾಕು. ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಅಮೆರಿಕದ ಕಾದಂಬರಿಕಾರ ಅರ್ನೆಸ್ಟ್ ಹೆಮಿಂಗ್ವೇ 1958ರ ಸಂದರ್ಶನದಲ್ಲಿ ಹೇಳಿದ ಮಾತು: ಮುಂದೇನಾಗುತ್ತದೆ ಅಂತ ಗೊತ್ತಿರುವಾಗಲೇ ಅವತ್ತಿನ ಬರವಣಿಗೆ ನಿಲ್ಲಿಸಬೇಕು. ಖಾಲಿಯಾಗುವವರೆಗೆ ಬರೆದರೆ ಮರುದಿನ ಫೈಲ್ ತೆರೆಯಲು ಭಯ. ಅರ್ಧ ಸಂಭಾಷಣೆಯಲ್ಲಿ ಎದ್ದುಬಂದಿದ್ದರೆ ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ.

ಮನೆಯವರಿಗೆ "ಮುಗಿದಾಗ ನಾನೇ ಹೇಳ್ತೀನಿ, ಅಲ್ಲಿವರೆಗೂ ಕೇಳಬೇಡಿ" ಅಂತ ನಗುತ್ತಾ ಹೇಳಿಬಿಡಿ. ಅವರು ಕೇಳುವುದು ಪ್ರೀತಿಯಿಂದಲೇ.

ಇಷ್ಟೆಲ್ಲ ಮಾಡಿ ಒಂದೆರಡು ತಿಂಗಳಾದ ಮೇಲೂ ಅಣ್ಣನೋ ತಮ್ಮನೋ ಏನಾದರೇನು ಅನಿಸಿದರೆ, ಆಗ ಧಾರಾಳವಾಗಿ ಬಿಡಿ, ನೋಟ್‌ಬುಕ್ ತೆಗೆಯಿರಿ.