ಕಚೇರಿಗೆ ನಡೆದು ಹೋದರೆ ಅದೂ ವ್ಯಾಯಾಮವೇ?

ಪ್ರಶ್ನೆ: ನನಗೆ 44 ವರ್ಷ, ಮೈಸೂರಿನಲ್ಲಿ ಬ್ಯಾಂಕ್ ಉದ್ಯೋಗಿ. ಈಚೆಗೆ ರಕ್ತ ಪರೀಕ್ಷೆಯಲ್ಲಿ ಎಚ್‌ಬಿಎ1ಸಿ (ಕಳೆದ ಮೂರು ತಿಂಗಳ ಸರಾಸರಿ ರಕ್ತದ ಸಕ್ಕರೆಯ ಅಳತೆ) 6.1 ಬಂದಿತು. ಸದ್ಯಕ್ಕೆ ಮಾತ್ರೆ ಬೇಡ, ದಿನವೂ ವಾಕಿಂಗ್ ಮಾಡಿ ಎಂದು ವೈದ್ಯರು ಹೇಳಿದ್ದಾರೆ. ಅಡುಗೆ, ಮಕ್ಕಳ ಡಬ್ಬಿ, ಅತ್ತೆಯವರ ಔಷಧಿ ಎಲ್ಲ ಮುಗಿಯುವಷ್ಟರಲ್ಲಿ ಹೊರಡುವ ಹೊತ್ತಾಗಿರುತ್ತದೆ. ಬ್ಯಾಂಕು ಮನೆಯಿಂದ ಎರಡೂವರೆ ಕಿಲೋಮೀಟರ್, ಸ್ಕೂಟರಿನಲ್ಲಿ ಹೋಗುತ್ತೇನೆ. ನಡೆದು ಹೋದರೆ ಅದು ವ್ಯಾಯಾಮದ ಲೆಕ್ಕಕ್ಕೆ ಬರುತ್ತದೆಯೇ?

ಉತ್ತರ: ಖಂಡಿತ ಬರುತ್ತದೆ. ನಿಮ್ಮಂಥವರಿಗೆ ಪಾರ್ಕಿನ ವಾಕಿಂಗ್‌ಗಿಂತ ಇದೇ ಹೆಚ್ಚು ಕಾಲ ನಿಲ್ಲುವ ಅಭ್ಯಾಸ ಎಂಬುದು ನನ್ನ ದೃಢವಾದ ಅಭಿಪ್ರಾಯ. ವಾಕಿಂಗ್‌ಗೆಂದೇ ಎತ್ತಿಟ್ಟ ಸಮಯವನ್ನು ಮನೆಗೆ ಬಂದ ನೆಂಟರು, ಮಕ್ಕಳ ಪರೀಕ್ಷೆ, ಒಂದು ದಿನದ ಜ್ವರ ಸುಲಭವಾಗಿ ಕಸಿದುಕೊಳ್ಳುತ್ತವೆ. ಕೆಲಸಕ್ಕೆ ಹೋಗುವುದನ್ನು ಮಾತ್ರ ಯಾರೂ ತಪ್ಪಿಸುವುದಿಲ್ಲ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ತುಸು ಬಿರುಸಾಗಿ, ಅಂದರೆ ಮಾತನಾಡಲು ಆಗಬೇಕು ಆದರೆ ಹಾಡಲು ಆಗಬಾರದು ಎಂಬಷ್ಟು ಬಿರುಸಾಗಿ ನಡೆದರೆ, ಎರಡೂವರೆ ಕಿಲೋಮೀಟರಿಗೆ ಅರ್ಧ ಗಂಟೆ ಹಿಡಿಯುತ್ತದೆ. ವಾರಕ್ಕೆ ಐದು ದಿನ ಹೋಗುವಾಗ ಮಾತ್ರ ನಡೆದು, ಬರುವಾಗ ಬಸ್ಸು ಹತ್ತಿದರೂ ನಿಮ್ಮ 150 ನಿಮಿಷ ಅಲ್ಲಿಗೇ ತುಂಬುತ್ತದೆ. ಒಂದೇ ಸಲಕ್ಕೆ ಹತ್ತು ನಿಮಿಷವಾದರೂ ಆಗಲೇಬೇಕು ಎಂದು ಮೊದಲು ಇದ್ದ ನಿಯಮವನ್ನು ಆ ಸಂಸ್ಥೆಯೇ 2020ರ ಮಾರ್ಗಸೂಚಿಯಲ್ಲಿ ಕೈಬಿಟ್ಟಿದೆ. ಹಾಗಾಗಿ ಬಸ್ ನಿಲ್ದಾಣದವರೆಗಿನ ಐದು ನಿಮಿಷವೂ ಲೆಕ್ಕಕ್ಕೆ ಸೇರುತ್ತದೆ.

ಕೆಲಸದ ನಡುವಿನ ಓಡಾಟ ಹೃದಯವನ್ನು ಕಾಯುತ್ತದೆ ಎಂಬ ವಿಚಾರವನ್ನು ಗಟ್ಟಿಯಾಗಿ ಮುಂದಿಟ್ಟವರು ಲಂಡನ್ನಿನ ವೈದ್ಯ ಜೆರ್ರಿ ಮಾರಿಸ್. ಡಬಲ್ ಡೆಕ್ಕರ್ ಬಸ್ಸಿನಲ್ಲಿ ಇಡೀ ದಿನ ಕುಳಿತಿರುವ ಚಾಲಕರಿಗಿಂತ, ಟಿಕೆಟ್ ಕೊಡುತ್ತ ನೂರಾರು ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಲ್ಲಿ ಹೃದ್ರೋಗ ಕಡಿಮೆ ಎಂದು ಅವರ ತಂಡ 1953ರಲ್ಲಿ ಪ್ರಕಟಿಸಿತು. ನಡೆದೋ ಸೈಕಲ್ ತುಳಿದೋ ಪತ್ರ ಹಂಚುವ ಅಂಚೆಯಣ್ಣಂದಿರಿಗೂ ಕುರ್ಚಿಯಲ್ಲಿ ಕೂರುವ ಗುಮಾಸ್ತರಿಗೂ ಇದೇ ವ್ಯತ್ಯಾಸ ಕಂಡಿತು. ದಪ್ಪಗಿರುವವರೇ ಚಾಲಕರಾಗುತ್ತಿರಬಹುದಲ್ಲವೇ ಎಂಬ ಅನುಮಾನ ಮಾರಿಸ್ ಅವರಿಗೇ ಇದ್ದುದರಿಂದ ಅವರು ಮುಂದೆ ಸಮವಸ್ತ್ರದ ಪ್ಯಾಂಟುಗಳ ಸೊಂಟದ ಅಳತೆಯನ್ನೂ ತರಿಸಿ ನೋಡಿದರು. ಚಾಲಕರ ಸೊಂಟ ದೊಡ್ಡದಿತ್ತು, ನಿಜ. ಆದರೆ ಅಷ್ಟರಿಂದಲೇ ಆ ವ್ಯತ್ಯಾಸ ಅಳಿಸಿಹೋಗಲಿಲ್ಲ.

ನಿಮ್ಮ ಸಕ್ಕರೆಯ ವಿಷಯಕ್ಕೆ ಬಂದರೆ, ದುಡಿಯುವ ಸ್ನಾಯು ಇನ್ಸುಲಿನ್ನಿನ ನೆರವಿಗೆ ಕಾಯದೆ ರಕ್ತದಿಂದ ಗ್ಲೂಕೋಸನ್ನು ಹೀರಿಕೊಳ್ಳಬಲ್ಲದು. ತಿಂಡಿ ತಿಂದು ಸ್ವಲ್ಪ ಹೊತ್ತಿಗೆ ನಡೆಯಲು ಹೊರಟರೆ ಆಗಷ್ಟೇ ಏರತೊಡಗಿದ ಸಕ್ಕರೆ ಅಷ್ಟು ಮೇಲಕ್ಕೆ ಹೋಗುವುದಿಲ್ಲ. ನಿಮ್ಮ ಕಚೇರಿಯ ಹೊತ್ತು ಇದಕ್ಕೆ ಹೇಳಿ ಮಾಡಿಸಿದಂತಿದೆ. 2023ರಲ್ಲಿ ಹೊರಬಂದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನೆರವಿನ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ, ನಿಮ್ಮಂತೆ ಅದರ ಹೊಸ್ತಿಲಲ್ಲಿರುವವರು 13.6 ಕೋಟಿ. ಮೂರು ತಿಂಗಳು ಹೀಗೆ ನಡೆದು, ಅನ್ನದ ಪ್ರಮಾಣವನ್ನೂ ಸ್ವಲ್ಪ ತಗ್ಗಿಸಿ, ಮತ್ತೊಮ್ಮೆ ಪರೀಕ್ಷೆ ಮಾಡಿಸಿ. ನಡೆಯುವಾಗ ಎದೆ ಬಿಗಿದರೆ ಮಾತ್ರ ಕೂಡಲೇ ನಿಲ್ಲಿಸಿ ವೈದ್ಯರನ್ನು ಕಾಣಿರಿ.

ಇಷ್ಟು ಹೇಳಿ ಸುಮ್ಮನಾದರೆ ನಾನು ಅರ್ಧ ಉತ್ತರ ಕೊಟ್ಟಂತೆ. ನಾನು ದಿನವೂ ನಡೆಯುವ ರಸ್ತೆಯಲ್ಲಿ ಫುಟ್‌ಪಾತ್ ಮೊಣಕಾಲೆತ್ತರ ಇದೆ. ಒಂದೆಡೆ ಚಪ್ಪಡಿ ಕಿತ್ತುಹೋಗಿದೆ, ಇನ್ನೊಂದೆಡೆ ಟ್ರಾನ್ಸ್‌ಫಾರ್ಮರ್ ನಿಂತಿದೆ. ಕಳೆದ ವಾರ ಸೊಪ್ಪಿನ ಚೀಲ ಹಿಡಿದ ಅಜ್ಜಿಯೊಬ್ಬರು ಅಲ್ಲಿಯ ಕಾಂಪೌಂಡ್ ಗೋಡೆಯನ್ನು ಒಂದು ಕೈಯಲ್ಲಿ ಹಿಡಿದು, ಅಡ್ಡಡ್ಡ ತಿರುಗಿ ರಸ್ತೆಗಿಳಿದು, ಬಸ್ಸಿನ ಪಕ್ಕದಲ್ಲೇ ಇಪ್ಪತ್ತು ಹೆಜ್ಜೆ ನಡೆದರು. ಮತ್ತೆ ಮೇಲೆ ಹತ್ತಲು ಅವರಿಂದ ಆಗಲಿಲ್ಲ. ಅಡೆತಡೆಯಿಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕು, ಅಂಚಿನ ಎತ್ತರ 15 ಸೆಂಟಿಮೀಟರ್ ಮೀರಬಾರದು ಎಂದು ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿ ಹೇಳಿದೆ. ನಡೆಯಲು ಯೋಗ್ಯವಾದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಮೇನಲ್ಲಿ ಹೇಳಿದೆ. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತ 1,68,491 ಜನರಲ್ಲಿ ಸುಮಾರು 32,800 ಮಂದಿ ಪಾದಚಾರಿಗಳು. ಆದ್ದರಿಂದ ನಿಮ್ಮ ದಾರಿಯಲ್ಲಿ ಕಿತ್ತುಹೋದ ಚಪ್ಪಡಿಯ ಫೋಟೊ ತೆಗೆದು ವಾರ್ಡಿನ ಕಚೇರಿಗೆ ದೂರು ಕೊಡುವುದೂ ನನ್ನ ಔಷಧ ಚೀಟಿಯಲ್ಲಿ ಸೇರಿದೆ ಎಂದು ತಿಳಿಯಿರಿ. ಅಲ್ಲಿಯವರೆಗೆ, ಫುಟ್‌ಪಾತ್ ಇಲ್ಲದ ಕಡೆ ಎದುರು ಬರುವ ವಾಹನ ಕಾಣುವಂತೆ ರಸ್ತೆಯ ಬಲಬದಿಯಲ್ಲಿ ನಡೆಯಿರಿ.

ಪ್ರಶ್ನೆ: ಬೆಂಗಳೂರಿನ ಹೊಗೆಯಲ್ಲಿ ಸೈಕಲ್ ತುಳಿದರೆ ಲಾಭಕ್ಕಿಂತ ನಷ್ಟವೇ ಹೆಚ್ಚಲ್ಲವೇ?

ಉತ್ತರ: ಅಲ್ಲ. ಕೇಂಬ್ರಿಜ್ ಸಂಶೋಧಕರ ನೇತೃತ್ವದ ತಂಡವೊಂದು 2016ರಲ್ಲಿ ಈ ಲೆಕ್ಕವನ್ನೇ ಹಾಕಿತು. ಬೆಂಗಳೂರಿಗಿಂತ ಎಷ್ಟೋ ಕೆಟ್ಟ ಗಾಳಿಯ ದೆಹಲಿಯಲ್ಲೂ ವಾರಕ್ಕೆ ಐದು ಗಂಟೆಗೂ ಹೆಚ್ಚು ತುಳಿದ ಮೇಲೆಯೇ ಹೊಗೆಯ ಹಾನಿ ವ್ಯಾಯಾಮದ ಲಾಭವನ್ನು ಮೀರುತ್ತದೆ ಎಂದು ಕಂಡಿತು. ಆದರೂ ಮುಖ್ಯರಸ್ತೆ ಬಿಟ್ಟು ಅದಕ್ಕೆ ಸಮಾನಾಂತರವಾದ ಒಳರಸ್ತೆ ಹಿಡಿಯಿರಿ. ಆಸ್ತಮಾ ಇರುವವರು ತಮ್ಮ ವೈದ್ಯರನ್ನು ಕೇಳಿಯೇ ಆರಂಭಿಸಬೇಕು.

ಪ್ರಶ್ನೆ: ಹುಬ್ಬಳ್ಳಿಯಲ್ಲಿದ್ದೇವೆ. ಎಂಟನೇ ತರಗತಿಯ ಮಗಳು ಎರಡು ಕಿಲೋಮೀಟರ್ ದೂರದ ಶಾಲೆಗೆ ಸೈಕಲ್ ಮೇಲೆ ಹೋಗುತ್ತೇನೆ ಎಂದು ಹಟ ಹಿಡಿದಿದ್ದಾಳೆ. ನನಗೆ ಭಯ. ಏನು ಮಾಡಲಿ?

ಉತ್ತರ: ನಿಮ್ಮ ಭಯ ಸಕಾರಣವಾದದ್ದು, ಅವಳ ಹಟವೂ ಒಳ್ಳೆಯದು. ಆ ವಯಸ್ಸಿನ ಮಕ್ಕಳಿಗೆ ದಿನಕ್ಕೆ ಸರಾಸರಿ ಒಂದು ಗಂಟೆಯ ಚಟುವಟಿಕೆ ಬೇಕು, ಶಾಲೆಗೆ ಹೋಗಿ ಬರುವುದರಲ್ಲೇ ಅದರ ಮೂರರಲ್ಲೊಂದು ಪಾಲು ಸಿಗುತ್ತದೆ. 2006–07ರಿಂದ ಸರ್ಕಾರ ಎಂಟನೇ ತರಗತಿಯವರಿಗೆ ಸೈಕಲ್ ಕೊಡಲಾರಂಭಿಸಿದಾಗ ನಮ್ಮ ಹಳ್ಳಿಗಳ ರಸ್ತೆಯಲ್ಲಿ ಸಮವಸ್ತ್ರದ ಹುಡುಗಿಯರ ಸಾಲುಗಳನ್ನು ನೋಡಿದ ಸಂತೋಷ ನನಗಿನ್ನೂ ಮರೆತಿಲ್ಲ.

ಅಪಾಯವನ್ನು ನಿರ್ಧರಿಸುವುದು ಮುಖ್ಯವಾಗಿ ವಾಹನಗಳ ವೇಗ. ವೇಗ ಎರಡರಷ್ಟಾದರೆ ಬ್ರೇಕ್ ಹಾಕಿದ ಮೇಲೆ ವಾಹನ ಸಾಗುವ ದೂರ ನಾಲ್ಕರಷ್ಟಾಗುತ್ತದೆ. ಜನರೂ ವಾಹನಗಳೂ ಬೆರೆಯುವ ಕಡೆ ಗಂಟೆಗೆ 30 ಕಿಲೋಮೀಟರ್ ಮಿತಿ ಇರಬೇಕು ಎಂದು ರಸ್ತೆ ಸುರಕ್ಷತೆಯ ಜಾಗತಿಕ ಸಮಾವೇಶದ 2020ರ ಸ್ಟಾಕ್‌ಹೋಮ್ ಘೋಷಣೆ ಹೇಳಿದ್ದು ಇದಕ್ಕಾಗಿಯೇ. ನಾಲ್ಕಾರು ಪೋಷಕರು ಸೇರಿ ಶಾಲೆಯ ಮುಂದೆ ವೇಗತಡೆ ಬೇಕೆಂದು ಮನವಿ ಕೊಡಿ.

ದಾರಿಯನ್ನು ನೀವೇ ಆರಿಸಿ. ಲಾರಿ ಓಡಾಡುವ ರಸ್ತೆ ತಪ್ಪುವುದಾದರೆ ಅರ್ಧ ಕಿಲೋಮೀಟರ್ ಸುತ್ತಾದರೂ ಚಿಂತೆಯಿಲ್ಲ. ಎರಡು ಮೂರು ಭಾನುವಾರ ಅವಳ ಜೊತೆ ಹೋಗಿ ಬನ್ನಿ, ಯಾವ ತಿರುವಿನಲ್ಲಿ ಇಳಿದು ತಳ್ಳಿಕೊಂಡು ದಾಟಬೇಕು ಎಂದು ಅಲ್ಲೇ ನಿಂತು ತೋರಿಸಿ. ಹೆಲ್ಮೆಟ್ ಕೊಡಿಸಿ. ಮುಂದೆ ಬೆಳೆಯುತ್ತಾಳೆ ಎಂದು ದೊಡ್ಡ ಸೈಕಲ್ ಕೊಡಿಸಿ ಒಳಪೆಡಲು ಹೊಡೆಯುವ ಹಾಗೆ ಮಾಡಬೇಡಿ. ಸೀಟಿನ ಮೇಲೆ ಕುಳಿತಾಗ ಎರಡೂ ಪಾದಗಳ ಮುಂಭಾಗ ನೆಲಕ್ಕೆ ತಾಗಬೇಕು; ಹಿಂದಿನ ಬ್ರೇಕನ್ನು ಅವಳ ಬೆರಳುಗಳಿಂದಲೇ ಅದುಮಿಸಿ ನೋಡಿ, ಚಕ್ರ ಪೂರ್ತಿ ನಿಲ್ಲದಿದ್ದರೆ ಅಂಗಡಿಯಲ್ಲೇ ಬಿಗಿ ಮಾಡಿಸಿಕೊಂಡು ಬನ್ನಿ.