ಹೊಸ ಸ್ಪೀಕರ್, ಸಪ್ಪೆ ಧ್ವನಿ

ಪ್ರಶ್ನೆ: ಕಾರಿನ ಮುಂದಿನ ಎರಡೂ ಬಾಗಿಲುಗಳಿಗೆ ಹೊಸ ಸ್ಪೀಕರ್ ಹಾಕಿಸಿದ ಮೇಲೆ ಹಾಡು ಮೊದಲಿಗಿಂತ ಸಪ್ಪೆಯಾಗಿದೆ, ಡ್ರಮ್ಮಿನ ಪೆಟ್ಟು ಕೇಳಿಸುವುದೇ ಇಲ್ಲ. ಆಂಪ್ಲಿಫೈಯರ್ ಬದಲಿಸಬೇಕೆ?

ಉತ್ತರ: ಹಣ ಸುರಿಯುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಹಾಡು ನುಡಿಯುತ್ತಿರುವಾಗ ಬ್ಯಾಲೆನ್ಸನ್ನು (ಎಡ-ಬಲ ಸ್ಪೀಕರುಗಳ ನಡುವೆ ಧ್ವನಿ ಹಂಚುವ ನಿಯಂತ್ರಣ) ಪೂರ್ತಿ ಎಡಕ್ಕೆ ತಿರುಗಿಸಿದಾಗ, ಒಂದೇ ಸ್ಪೀಕರ್ ಕೆಲಸ ಮಾಡುತ್ತಿದ್ದರೂ ಬೇಸ್ (ಮಂದ್ರ ಧ್ವನಿ) ತಗ್ಗುವ ಬದಲು ಹೆಚ್ಚಿದರೆ, ಯಾವುದೋ ಒಂದು ಸ್ಪೀಕರಿನ ಪ್ಲಸ್ ಮತ್ತು ಮೈನಸ್ ತಂತಿಗಳು ಅದಲುಬದಲಾಗಿರುವ ಸಾಧ್ಯತೆಯೇ ಹೆಚ್ಚು. ನುರಿತವರ ಕೈಯಲ್ಲೂ ಆಗುವ ತಪ್ಪು ಇದು. ಆಗ ಒಂದರ ಕೋನ್ (ಕಂಪಿಸಿ ಧ್ವನಿ ಹೊಮ್ಮಿಸುವ ಶಂಕುವಿನಾಕಾರದ ಭಾಗ) ಗಾಳಿಯನ್ನು ಮುಂದಕ್ಕೆ ತಳ್ಳುವ ಹೊತ್ತಿಗೆ ಇನ್ನೊಂದರದು ಹಿಂದಕ್ಕೆ ಎಳೆಯುವುದರಿಂದ, ಅಲೆಯುದ್ದ ಹೆಚ್ಚಿರುವ ಮಂದ್ರ ಧ್ವನಿಗಳು ಕಾರಿನೊಳಗೆ ಪರಸ್ಪರ ಅಳಿಸಿಹೋಗುತ್ತವೆ. ಖಚಿತಪಡಿಸಿಕೊಳ್ಳಲು ಸ್ಪೀಕರಿನ ತಂತಿಗಳನ್ನು ಆಂಪ್ಲಿಫೈಯರಿನ ಕಡೆಯಲ್ಲಿ ಬಿಚ್ಚಿ, ಆ ತುದಿಗಳಿಗೆ 1.5 ವೋಲ್ಟಿನ ಬ್ಯಾಟರಿಯನ್ನು ಕ್ಷಣಮಾತ್ರ ತಾಗಿಸಿ. ಪ್ಲಸ್ಸಿಗೆ ಪ್ಲಸ್ ಸೇರಿದ್ದರೆ ಕೋನ್ ಸಾಮಾನ್ಯವಾಗಿ ಹೊರಕ್ಕೆ ಜಿಗಿಯುತ್ತದೆ.

ತಂತಿ ಸರಿಯಿದ್ದರೆ, ಬಾಗಿಲಿನ ಪ್ಯಾನೆಲ್ ತೆಗೆಸಿ ಸ್ಪೀಕರಿನ ಸುತ್ತ ಸಂದು ಉಳಿದಿದೆಯೇ ಎಂದು ನೋಡಿಸಿ. ಕೋನಿನ ಹಿಂಬದಿಯ ಧ್ವನಿ ಅಲ್ಲಿಂದ ಮುಂದಕ್ಕೆ ಸೋರಿದರೂ ಬೇಸ್ ಸಾಯುತ್ತದೆ. ಫೋಮ್ ಪಟ್ಟಿ ಅಂಟಿಸಿ ಮುಚ್ಚಬಹುದು. ಧ್ವನಿಯ ಮಂದ್ರ-ತಾರಗಳನ್ನು ಹೊಂದಿಸುವ ಈಕ್ವಲೈಸರಿನಲ್ಲಿ ಬೇಸ್ ಏರಿಸುವುದು ಇದಕ್ಕೆ ಮದ್ದಲ್ಲ, ಏಕೆಂದರೆ ಬರೀ 3 ಡೆಸಿಬೆಲ್ ಏರಿಸಿದರೂ ಆ ಧ್ವನಿಗಳಿಗೆ ಆಂಪ್ಲಿಫೈಯರ್ ಎರಡು ಪಟ್ಟು ಶಕ್ತಿ ಒದಗಿಸಬೇಕಾಗುತ್ತದೆ.