ಮೇ 19ರ ವಿಶ್ವ ಐಬಿಡಿ (ಕರುಳಿನ ಉರಿಯೂತದ ಕಾಯಿಲೆ) ದಿನಕ್ಕೆ ನಮ್ಮ ತಾಲ್ಲೂಕಿನಲ್ಲಿ ಜಾಗೃತಿ ಕಾರ್ಯಕ್ರಮ ಮಾಡಬೇಕೆಂದಿದ್ದೇವೆ. ಜನರಿಗೆ ಏನು ಹೇಳಬೇಕು?

ಕಾಲೇಜಿನ ಎನ್‌ಎಸ್‌ಎಸ್ ಘಟಕದಿಂದ ಜಾಥಾ, ನೇರಳೆ ರಿಬ್ಬನ್, ಸಭಾಭವನದಲ್ಲಿ ತಜ್ಞರ ಉಪನ್ಯಾಸ ಇಟ್ಟುಕೊಂಡಿದ್ದೇವೆ, ಇಷ್ಟು ಸಾಕೇ ಎಂದು ಕೇಳಿದ್ದೀರಿ. ನೇರಳೆ ಬಣ್ಣ ಆ ದಿನದ ಗುರುತು, ಇರಲಿ ಬಿಡಿ. ಆದರೆ ‘ಕರುಳಿನ ಉರಿಯೂತದ ಕಾಯಿಲೆ’ ಎಂದು ಬ್ಯಾನರ್ ಹಿಡಿದು ಹೋದರೆ, ಆರು ತಿಂಗಳಿಂದ ರಕ್ತಭೇದಿ ಆಗುತ್ತಿರುವವರೇ ಅದನ್ನು ಓದಿ, ನಮಗಲ್ಲ ಅಂದುಕೊಂಡು ಮುಂದೆ ಹೋಗುತ್ತಾರೆ. ಅವರ ಲೆಕ್ಕದಲ್ಲಿ ಅದು ಮೂಲವ್ಯಾಧಿ, ಇಲ್ಲವೇ ಮೈ ಉಷ್ಣ. ನಾನಾದರೆ ಕಾಯಿಲೆಯ ಹೆಸರನ್ನು ಸಣ್ಣ ಅಕ್ಷರದಲ್ಲಿ ಹಾಕಿ, ದೊಡ್ಡದಾಗಿ ಒಂದೇ ಸಾಲು ಬರೆಸುತ್ತೇನೆ: ‘ಮಲದಲ್ಲಿ ರಕ್ತ, ಲೋಳೆ ಎರಡು ವಾರ ದಾಟಿದರೆ ಮಾತ್ರೆ ಬದಲಿಸುತ್ತಾ ಕೂರಬೇಡಿ, ಪರೀಕ್ಷೆ ಮಾಡಿಸಿ.’

ಈ ಕಾಯಿಲೆಯಲ್ಲಿ ವ್ಯರ್ಥವಾಗುವುದು ಸಮಯ. ಮೊದಲು ಮನೆಯಲ್ಲೇ ಮಜ್ಜಿಗೆಗೆ ಮೆಂತ್ಯ, ದಾಳಿಂಬೆ ಸಿಪ್ಪೆಯ ಕಷಾಯ. ಆಮೇಲೆ ಮೆಡಿಕಲ್ ಶಾಪ್: ‘ಲೂಸ್ ಮೋಷನ್‌ಗೆ ಏನಾದ್ರೂ ಕೊಡಿ.’ ರಕ್ತ ಹೋಗುತ್ತಿದೆ ಎಂಬ ಮಾತು ಅಲ್ಲಿ ನಾಲ್ಕು ಜನರ ಮುಂದೆ ಬಾಯಿಂದ ಬರುವುದಿಲ್ಲ. ನಾರ್‌ಫ್ಲಾಕ್ಸಸಿನ್-ಟಿನಿಡಜೋಲ್ ತರಹದ ಮಾತ್ರೆ ಸಿಗುತ್ತದೆ, ಸ್ವಲ್ಪ ದಿನ ಸುಮಾರಾಗುತ್ತದೆ. ಇದು ತಾನಾಗಿಯೂ ಏರಿ ಇಳಿಯುವ ಕಾಯಿಲೆ. ಇಳಿದದ್ದರ ಕೀರ್ತಿ ಮಾತ್ರೆಗೆ ಹೋಗುತ್ತದೆ, ಮುಂದಿನ ಸಲ ಅದೇ ಮಾತ್ರೆ ಕೇಳಿ ತರುತ್ತಾರೆ. ಅಷ್ಟರಲ್ಲಿ ರಕ್ತಹೀನತೆ ಬಂದಿರುತ್ತದೆ, ಹುಣ್ಣು ಮೇಲಕ್ಕೆ ಹಬ್ಬಿರುತ್ತದೆ. ಆದ್ದರಿಂದ ನಿಮ್ಮ ಮೊದಲ ಶ್ರೋತೃಗಳು ಸಭಾಭವನದ ವಿದ್ಯಾರ್ಥಿಗಳಲ್ಲ, ತಾಲ್ಲೂಕಿನ ಮೆಡಿಕಲ್ ಶಾಪ್‌ನವರು ಮತ್ತು ಆಶಾ ಕಾರ್ಯಕರ್ತೆಯರು. ಅಂಗಡಿಯವರಿಗೆ ಹೇಳಬೇಕಾದ್ದು ಇಷ್ಟೇ: ಒಬ್ಬರೇ ಎರಡನೇ ಸಲ ಭೇದಿ ಮಾತ್ರೆಗೆ ಬಂದರೆ, ‘ರಕ್ತ ಇದೆಯಾ’ ಎಂದು ಮೆಲ್ಲಗೆ ಕೇಳಿ, ನಾವು ಅಚ್ಚುಹಾಕಿಸಿ ಕೊಟ್ಟ ಮಾಹಿತಿ ಚೀಟಿ ಕೈಗಿಟ್ಟು ಆಸ್ಪತ್ರೆಗೆ ಕಳಿಸಿ.

ಚೀಟಿಯಲ್ಲಿ ಲಕ್ಷಣ ಬರೆಯುವಾಗ ಸಂಕೋಚ ಬೇಡ. ಐಬಿಡಿಯಲ್ಲಿ ನಮ್ಮಲ್ಲಿ ಹೆಚ್ಚಾಗಿ ಕಾಣುವ ಬಗೆ ಅಲ್ಸರೇಟಿವ್ ಕೊಲೈಟಿಸ್. ಅದು ದೊಡ್ಡ ಕರುಳಿನ ಒಳಪೊರೆಯ ಹುಣ್ಣು, ಗುದನಾಳದಲ್ಲಿ ಶುರುವಾಗಿ ನಡುವೆ ಜಾಗ ಬಿಡದೆ ಮೇಲಕ್ಕೆ ಹಬ್ಬುತ್ತದೆ. ಮೂಲವ್ಯಾಧಿಯಲ್ಲಿ ಸಾಮಾನ್ಯವಾಗಿ ಮಲ ಗಟ್ಟಿ, ಕೆಂಪು ರಕ್ತ ಕೊನೆಯಲ್ಲಿ ಬೇರೆಯಾಗಿ ತೊಟ್ಟಿಕ್ಕುತ್ತದೆ. ಕೊಲೈಟಿಸ್‌ನಲ್ಲಿ ರಕ್ತ ಮಲದೊಳಗೇ ಬೆರೆತಿರುತ್ತದೆ, ಜೊತೆಗೆ ಸಿಂಬಳದಂಥ ಲೋಳೆ. ಬಂತೆಂದರೆ ತಡೆಯಲಾಗದ ಅವಸರ, ಹೋಗಿ ಬಂದ ಮೇಲೂ ಇನ್ನೂ ಇದೆ ಅನ್ನಿಸುವ ತಿಣುಕಾಟ, ನಡುರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ. ಹುಣ್ಣು ಗುದನಾಳಕ್ಕಷ್ಟೇ ಇದ್ದವರಲ್ಲಿ ಮಲಬದ್ಧತೆಯೂ ಇರಬಹುದು, ಅಂಥವರೇ ವರ್ಷಗಟ್ಟಲೆ ಮೂಲವ್ಯಾಧಿ ಮುಲಾಮು ಹಚ್ಚಿಕೊಂಡಿರುತ್ತಾರೆ. ಐಬಿಎಸ್ (ಉರಿಯೂತವಿಲ್ಲದೆ ಕರುಳು ಕೆರಳುವ ತೊಂದರೆ) ಬೇರೆ. ಅದರಲ್ಲಿ ನೋವು, ಹೊಟ್ಟೆಯುಬ್ಬರ, ಭೇದಿ ಎಲ್ಲ ಇದ್ದರೂ ರಕ್ತ ಹೋಗುವುದಿಲ್ಲ, ಜ್ವರ ಬರುವುದಿಲ್ಲ, ಕಾರಣವಿಲ್ಲದೆ ತೂಕ ಇಳಿಯುವುದಿಲ್ಲ.

ಐಬಿಡಿಯ ಇನ್ನೊಂದು ಬಗೆಯಾದ ಕ್ರೋನ್ಸ್ ಕಾಯಿಲೆಯಲ್ಲಿ ರಕ್ತವೇ ಕಾಣದಿರಬಹುದು. ಅದು ಬಾಯಿಂದ ಗುದದವರೆಗೆ ಎಲ್ಲಿ ಬೇಕಾದರೂ, ತುಂಡು ತುಂಡಾಗಿ, ಕರುಳಿನ ಗೋಡೆಯ ಪೂರ್ತಿ ದಪ್ಪಕ್ಕೂ ಇಳಿಯುತ್ತದೆ. ಹಾಗಾಗಿ ಕರುಳು ಕಿರಿದಾಗಿ ಊಟವಾದ ಮೇಲೆ ನುಲಿಯುವ ನೋವು, ಆಗಾಗ ಜ್ವರ, ತೂಕ ಇಳಿಕೆ. ಭಗಂದರಕ್ಕೆ ಎರಡು ಮೂರು ಸಲ ಆಪರೇಷನ್ ಆಗಿಯೂ ಮತ್ತೆ ಕೀವು ಬರುತ್ತಿದ್ದರೆ ಕರುಳನ್ನು ನೋಡಿಸಲೇಬೇಕು. ಶಾಲಾ ಶಿಕ್ಷಕರಿಗೂ ಒಂದು ಮಾತು ಹೇಳಿ: ಪದೇ ಪದೇ ಹೊಟ್ಟೆನೋವು ಅನ್ನುವ ಮಗುವಿನ ಎತ್ತರ ಒಂದು ವರ್ಷದಿಂದ ನಿಂತುಬಿಟ್ಟಿದ್ದರೆ ಅದು ನಾಟಕವಲ್ಲ.

ಪರೀಕ್ಷೆ ಅಂದಕೂಡಲೇ ಜನ ಖರ್ಚಿಗೆ ಹೆದರುತ್ತಾರೆ, ಅದಕ್ಕೆ ಕ್ರಮವನ್ನು ವಿವರಿಸಿ. ಮೊದಲು ಮಲ ಪರೀಕ್ಷೆ, ಏಕೆಂದರೆ ಅಮೀಬಾ ಮತ್ತು ಬ್ಯಾಕ್ಟೀರಿಯಾದ ಆಮಶಂಕೆ ನಮ್ಮಲ್ಲಿ ನಿಜಕ್ಕೂ ಇದೆ. ಜೊತೆಗೆ ಹಿಮೋಗ್ಲೋಬಿನ್, ರಕ್ತಕಣಗಳ ಎಣಿಕೆ, ಉರಿಯೂತ ತೋರಿಸುವ ಸಿಆರ್‌ಪಿ ಎಂಬ ರಕ್ತ ಪರೀಕ್ಷೆ. ಇವು ಸರಿ ಬಂದ ಮಾತ್ರಕ್ಕೆ ಕಾಯಿಲೆ ಇಲ್ಲ ಎಂದಲ್ಲ. ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ (ಕರುಳಿನ ಉರಿಯೂತದಲ್ಲಿ ಏರುವ ಒಂದು ಪ್ರೋಟೀನ್) ನೋಡಿಸಿದರೆ, ಗ್ರಾಂಗೆ 50 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದಾಗ ಉರಿಯೂತ ಇರುವ ಸಾಧ್ಯತೆ ಬಹಳ ಕಡಿಮೆ, 250 ದಾಟಿದರೆ ಕರುಳು ಉರಿಯುತ್ತಿದೆ ಎಂದೇ ಹಿಡಿಯಬಹುದು. ಆದರೆ ಸೋಂಕಿನಲ್ಲೂ ಅದು ಏರುತ್ತದೆ, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ನುಂಗುತ್ತಿದ್ದರೂ ಏರುತ್ತದೆ. ಕೊಲೈಟಿಸ್ ಗುದನಾಳದಿಂದಲೇ ಶುರುವಾಗುವುದರಿಂದ ಮೊದಲಿಗೆ ಸಿಗ್ಮಾಯ್ಡೋಸ್ಕೋಪಿ (ಗುದದಿಂದ ಕೊಳವೆ ತೂರಿಸಿ ದೊಡ್ಡ ಕರುಳಿನ ಕೆಳಭಾಗವಷ್ಟೇ ನೋಡುವುದು) ಸಾಕಾಗುವುದೂ ಉಂಟು. ಅದಕ್ಕೆ ಒಂದು ಎನಿಮಾ ಕೊಟ್ಟರೆ ಆಗುತ್ತದೆ, ಕರುಳು ಖಾಲಿ ಮಾಡಲು ಲೀಟರ್‌ಗಟ್ಟಲೆ ಭೇದಿ ಔಷಧದ ನೀರು ಕುಡಿಯುವ ಶಿಕ್ಷೆ ಇಲ್ಲ. ಬಯಾಪ್ಸಿ ಅಂದರೆ ಕ್ಯಾನ್ಸರ್ ಎಂದು ಅಳು ಶುರುವಾಗುತ್ತದೆ. ಉರಿಯೂತದ ಸ್ವರೂಪ ತಿಳಿಯಲು ಚೂರು ತೆಗೆಯುತ್ತಾರೆ ಎಂದು ಮೊದಲೇ ಹೇಳಿಬಿಡಿ.

ಹೊರದೇಶದ ಕರಪತ್ರ ಅನುವಾದಿಸಿ ಹಂಚಿದರೆ ತಪ್ಪಿಹೋಗುವ ಸಂಗತಿ ಒಂದಿದೆ: ಕರುಳಿನ ಟಿಬಿ. ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವ ಜಾಗದಲ್ಲಿ ಕ್ರೋನ್ಸ್ ಹೇಗೆ ಕಾಣುತ್ತದೋ ಟಿಬಿಯೂ ಹೆಚ್ಚುಕಡಿಮೆ ಹಾಗೇ ಕಾಣುತ್ತದೆ. ಬಯಾಪ್ಸಿಯಲ್ಲೂ ಎಷ್ಟೋ ಸಲ ಇತ್ಯರ್ಥವಾಗುವುದಿಲ್ಲ. ಟಿಬಿಯನ್ನು ಕ್ರೋನ್ಸ್ ಎಂದುಕೊಂಡು ಸ್ಟಿರಾಯ್ಡ್ ಕೊಟ್ಟರೆ ಟಿಬಿ ಮೈಯೆಲ್ಲ ಹರಡಬಹುದು. ಅದಕ್ಕೇ ಅನುಮಾನವಿದ್ದಾಗ ವೈದ್ಯರು ಮೊದಲು ಟಿಬಿ ಔಷಧ ಕೊಟ್ಟು ನೋಡುತ್ತಾರೆ, ಅದು ಸರಿಯಾದ ನಡೆಯೇ. ‘ಟಿಬಿ ಮಾತ್ರೆ ಕೊಟ್ಟು ಮೋಸ ಮಾಡಿದರು’ ಎಂಬ ಅರ್ಥ ಬರುವ ಮಾತನ್ನು ವೇದಿಕೆಯಲ್ಲಿ ಯಾರೂ ಆಡದಂತೆ ನೋಡಿಕೊಳ್ಳಿ. ತಪ್ಪುವುದು ಮುಂದಿನ ಹಂತದಲ್ಲಿ. ಎರಡು ಮೂರು ತಿಂಗಳಿಗೆ ಮತ್ತೆ ಸ್ಕೋಪಿ ಮಾಡಿ ಹುಣ್ಣು ಮಾಗಿದೆಯೇ ಎಂದು ನೋಡಬೇಕು. ಜ್ವರ ಬಿಟ್ಟಿತು, ಊಟ ಸೇರುತ್ತಿದೆ ಎಂಬುದಷ್ಟೇ ಸಾಲದು. ಹುಣ್ಣು ಹಾಗೇ ಇದ್ದರೆ ಔಷಧಕ್ಕೆ ಬಗ್ಗದ ಟಿಬಿಯೋ ಕ್ರೋನ್ಸೋ ಎಂದು ಮತ್ತೆ ಯೋಚಿಸಬೇಕಾಗುತ್ತದೆ. ರೋಗಿಗೆ ಕಲಿಸಬೇಕಾದ ಪ್ರಶ್ನೆ: ‘ಡಾಕ್ಟ್ರೇ, ಮತ್ತೆ ಸ್ಕೋಪಿ ಯಾವಾಗ?’

ಈಗಾಗಲೇ ಕಾಯಿಲೆ ಗೊತ್ತಾದವರೂ ನಿಮ್ಮ ಸಭೆಗೆ ಬರುತ್ತಾರೆ. ಅವರಲ್ಲಿ ಅರ್ಧಕ್ಕೇ ಔಷಧ ಬಿಟ್ಟವರು ಇದ್ದೇ ಇರುತ್ತಾರೆ. ಕರುಳಿನ ಉರಿಯೂತ ತಗ್ಗಿಸುವ ಮೆಸಲಮೈನ್ ಅನ್ನು ಆರಾಮಾಗಿರುವಾಗಲೂ ದಿನಾ ತೆಗೆದುಕೊಳ್ಳಬೇಕು, ಪುಡಿ ಮಾಡಬಾರದು, ಅಗಿಯಬಾರದು. ಕೆಲವು ಮಾತ್ರೆಗಳ ಖಾಲಿ ಚಿಪ್ಪು ಮಲದಲ್ಲಿ ಕಂಡರೆ ಗಾಬರಿ ಬೇಡ. ಗುದದೊಳಗೆ ಇಡುವ 1 ಗ್ರಾಂ ಮೆಸಲಮೈನ್ ಗುಳಿಗೆಯನ್ನು ನಾಚಿಕೆಯಿಂದ ಕೊಳ್ಳದೇ ಬಿಡುವವರು ಬಹಳ. ಕಾಯಿಲೆ ಗುದನಾಳದಲ್ಲಿದ್ದಾಗ ನುಂಗುವ ಮಾತ್ರೆಗಿಂತ ಅದರ ಗುಣವೇ ಹೆಚ್ಚು. ರಾತ್ರಿ ಮಲಗುವ ಮುಂಚೆ ಶೌಚ ಮುಗಿಸಿ, ಎಡಮಗ್ಗುಲಾಗಿ ಮಲಗಿ, ಮೇಲಿನ ಕಾಲು ಮಡಚಿ, ತುದಿಗೆ ನೀರು ಸವರಿ, ಬೆರಳು ಒಳಹೋಗುವಷ್ಟು ಒಳಗೆ ತಳ್ಳಬೇಕು. ಬಾಗಿಲಲ್ಲೇ ಬಿಟ್ಟರೆ ಹೊರಗೆ ಬಂದುಬಿಡುತ್ತದೆ.

ಸ್ಟಿರಾಯ್ಡ್ ಅಗ್ಗ, ವಾರದೊಳಗೆ ಗುಣ ಕಾಣುತ್ತದೆ, ಅದೇ ಅದರ ಅಪಾಯ. ವೈದ್ಯರ ಹಳೆಯ ಚೀಟಿ ತೋರಿಸಿ ತಂದು ನುಂಗುತ್ತಾರೆ, ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ. ತಟ್ಟನೆ ನಿಲ್ಲಿಸಿದರೂ ತೊಂದರೆ, ವೈದ್ಯರು ಹೇಳಿದಂತೆ ವಾರವಾರ ಇಳಿಸಬೇಕು. ರೋಗನಿರೋಧಕ ಶಕ್ತಿಯ ಅಬ್ಬರ ತಗ್ಗಿಸುವ ಅಜಾಥಯಪ್ರಿನ್ ಶುರುಮಾಡಿದವರು ಮೊದಲ ವಾರಗಳಲ್ಲಿ ರಕ್ತಕಣಗಳ ಎಣಿಕೆ ತಪ್ಪಿಸಬಾರದು. ಭಾರತೀಯರಲ್ಲಿ ಕೆಲವರಿಗೆ ಹುಟ್ಟಿನಿಂದಲೇ ಇರುವ ಒಂದು ಜೀನ್ ವ್ಯತ್ಯಾಸದಿಂದ ಬಿಳಿ ರಕ್ತಕಣ ಧುತ್ತನೆ ಕುಸಿಯುತ್ತದೆ. ಕೂದಲು ಹಿಡಿಹಿಡಿಯಾಗಿ ಉದುರತೊಡಗಿದರೆ ಅದೇ ದಿನ ವೈದ್ಯರಿಗೆ ತಿಳಿಸಬೇಕು. ಗರ್ಭಿಣಿಯರು ಮನೆಯವರ ಮಾತಿಗೆ ಔಷಧ ಬಿಡಬಾರದು. ಮಿಥೊಟ್ರೆಕ್ಸೇಟ್‌ನಂಥ ಕೆಲವು ಔಷಧ ಮಾತ್ರ ಗರ್ಭಕ್ಕೆ ಮುಂಚೆಯೇ ನಿಲ್ಲಬೇಕು, ಉಳಿದವನ್ನು ವೈದ್ಯರೇ ತೀರ್ಮಾನಿಸಲಿ.

ತುರ್ತು ಯಾವಾಗ ಎಂಬುದನ್ನು ಚೀಟಿಯ ಹಿಂಬದಿಗೆ ಹಾಕಿ: ದಿನಕ್ಕೆ ಆರು ಅಥವಾ ಹೆಚ್ಚು ಸಲ ರಕ್ತಭೇದಿ, ಜೊತೆಗೆ ಜ್ವರ ಅಥವಾ ನಿಮಿಷಕ್ಕೆ 90 ದಾಟಿದ ನಾಡಿ. ಅದು ಆಸ್ಪತ್ರೆಗೆ ಸೇರಬೇಕಾದ ಹಂತ. ಅಂಥ ಹೊತ್ತಲ್ಲಿ ಭೇದಿ ಕಟ್ಟಲು ಲೋಪೆರಮೈಡ್ ನುಂಗಿದರೆ ಕರುಳು ಉಬ್ಬಿ ಜೀವಕ್ಕೇ ಅಪಾಯವಾಗಬಹುದು.

ಪಥ್ಯದ ಪ್ರಶ್ನೆ ಖಂಡಿತ ಬರುತ್ತದೆ. ಎಲ್ಲರಿಗೂ ಒಂದೇ ಪಟ್ಟಿ ಇಲ್ಲ. ಕರುಳು ಕಿರಿದಾಗಿರುವವರು ನಾರು, ಸಿಪ್ಪೆ ಕಡಿಮೆ ಮಾಡಬೇಕು, ಉಳಿದವರನ್ನು ಗಂಜಿಗೆ ಕಟ್ಟಿಹಾಕಿದರೆ ಸೊರಗುತ್ತಾರೆ. ಬೀಡಿ ಸಿಗರೇಟು ಕ್ರೋನ್ಸ್ ಅನ್ನು ಕೆಡಿಸುತ್ತದೆ.

ಪ್ರಶ್ನೆಗಳನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಲು ಹೇಳಿ, ಮೈಕ್ ಕೊಟ್ಟರೆ ಯಾರೂ ಬಾಯಿ ಬಿಡುವುದಿಲ್ಲ. ಹೆಂಗಸರಿಗೆ ಬೇರೆ ಕೂಟ ಮಾಡಿ, ಅಲ್ಲಿ ಆಶಾ ಕಾರ್ಯಕರ್ತೆಯೇ ಮಾತಾಡಲಿ. ‘ಇದು ಅಂಟುತ್ತದಾ, ಮದುವೆ ಮಾಡಬಹುದಾ’ ಎಂಬ ಚೀಟಿ ಬಂದೇ ಬರುತ್ತದೆ. ಅಂಟುವುದಿಲ್ಲ, ಮದುವೆ ಮಾಡಬಹುದು ಎಂದು ಎರಡು ಮಾತಲ್ಲಿ ಹೇಳಿ. ರೋಗಿಗಳನ್ನು ವೇದಿಕೆಗೆ ಕರೆಯಬೇಡಿ, ತಾವಾಗಿ ಬಂದರೆ ಸರಿ. ಕಾರ್ಯಕ್ರಮದ ಜಾಗದಲ್ಲಿ ನೀರಿರುವ ಶೌಚಾಲಯ ಹತ್ತಿರವಿರಬೇಕು, ಎಲ್ಲಿದೆ ಎಂಬ ಬಾಣದ ಗುರುತು ದೊಡ್ಡದಾಗಿ ಕಾಣಬೇಕು, ಇಲ್ಲದಿದ್ದರೆ ಯಾರಿಗಾಗಿ ಕರೆದಿರೋ ಅವರೇ ಬರುವುದಿಲ್ಲ.

ಮಾಹಿತಿ ಚೀಟಿಯ ಕೊನೆಗೆ ಎಲ್ಲಿಗೆ ಹೋಗಬೇಕು ಎಂಬುದಿರಲಿ: ನಿಮ್ಮ ಜಿಲ್ಲೆಯ ವೈದ್ಯಕೀಯ ಕಾಲೇಜು ಆಸ್ಪತ್ರೆ, ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿರುವ ಸರ್ಕಾರಿ ಗ್ಯಾಸ್ಟ್ರೋಎಂಟರಾಲಜಿ ಸಂಸ್ಥೆ. ಓಪಿಡಿ ಯಾವ ವಾರ, ಎಷ್ಟು ಹೊತ್ತಿಗೆ ಎಂದು ಫೋನ್ ಮಾಡಿ ಕೇಳಿಕೊಂಡೇ ಮುದ್ರಣಕ್ಕೆ ಕೊಡಿ.